ಟ್ರೇಲರ್‌ನಲ್ಲಿ ಕಂಡ ಸಿನಿಮಾ ಎಲ್ಲಿ?

ಮಾನ್ಯ ಸಂಪಾದಕರೇ,

ಈಚೆಗೆ ನೋಡಿದ ಹಲವು ದೊಡ್ಡ ಸಿನಿಮಾಗಳು ತುಂಬಾ ಬೇಸರ ತರಿಸಿವೆ. ಎರಡೂವರೆ ನಿಮಿಷದ ಟ್ರೇಲರ್ ಮೈ ನವಿರೇಳಿಸುತ್ತದೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಅಷ್ಟು ಬಿಟ್ಟು ಬೇರೇನೂ ಇರುವುದಿಲ್ಲ. ಒಳ್ಳೆಯ ಮಾತು, ಒಳ್ಳೆಯ ಹೊಡೆದಾಟ, ಕಥೆಯ ತಿರುವನ್ನೂ ಟ್ರೇಲರ್‌ನಲ್ಲೇ ತೋರಿಸಿಬಿಡುತ್ತಾರೆ. ಅಲ್ಲಿ ಮೆಚ್ಚಿದ ದೃಶ್ಯ ಕೆಲವೊಮ್ಮೆ ಸಿನಿಮಾದಲ್ಲೇ ಇರುವುದಿಲ್ಲ!

ನನ್ನ ದೊಡ್ಡ ದೂರು ಚಿತ್ರಕಥೆಯ ಬಗ್ಗೆ. ಬಿಡುಗಡೆಯ ದಿನ ಮೊದಲೇ ಘೋಷಣೆಯಾಗಿರುತ್ತದೆ, ಬರವಣಿಗೆ ಅದರ ಹಿಂದೆ ಓಡುತ್ತದೆ. ನಾಯಕ ಪರದೆಗೆ ಬರುವ ದೃಶ್ಯಕ್ಕೆ ಎಷ್ಟೊಂದು ಯೋಚನೆ! ಅವನಿಗೆ ಏನು ಬೇಕು, ಅದು ಸಿಗದಿದ್ದರೆ ಏನು ಕಳೆದುಕೊಳ್ಳುತ್ತಾನೆ ಎಂಬುದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಅದು ಗೊತ್ತಿಲ್ಲದೆ ಅವನು ಗೆದ್ದರೆ ನಮಗೆ ಖುಷಿ ಹೇಗಾಗಬೇಕು? ನಾಯಕಿಯಂತೂ ಎರಡು ಹಾಡು ಮುಗಿದ ಮೇಲೆ ಕಾಣಿಸುವುದೇ ಇಲ್ಲ. ಅಳು ಬರಬೇಕಾದ ಕಡೆ ಸುಮ್ನೆ ಹಿನ್ನೆಲೆ ಸಂಗೀತದ ಸದ್ದು ಜಾಸ್ತಿ ಮಾಡುತ್ತಾರೆ. ಕಲಾವಿದರ ಅಭಿನಯದ ಮೇಲೆ ನಂಬಿಕೆ ಇಲ್ವಾ?

ಎಲ್ಲ ಸಿನಿಮಾವೂ ಅದ್ಭುತವಾಗಿರಲಿ ಅಂತ ಕೇಳುತ್ತಿಲ್ಲ. ಛಾಯಾಗ್ರಾಹಕರು, ಸಂಕಲನಕಾರರು, ಸೆಟ್ ಕಟ್ಟುವವರು ಪಟ್ಟ ಶ್ರಮ ಪರದೆಯ ಮೇಲೆ ಕಾಣುತ್ತದೆ. ಅದೆಲ್ಲ ಬಲವಿಲ್ಲದ ಕಥೆಗೆ ಖರ್ಚಾಗುತ್ತದಲ್ಲ, ಅದೇ ನನಗೆ ನೋವು. ಮೊದಲ ಮೂರು ದಿನದ ಗಳಿಕೆಗಾಗಿ ಪ್ರಚಾರಕ್ಕೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಬರಹಗಾರರಿಗೆ ಕೊಡಿ. ಇನ್ನೂ ಕೆಲವು ತಿಂಗಳು ಸಮಯವನ್ನೂ ಕೊಡಿ. ಚಿತ್ರೀಕರಣಕ್ಕೆ ಮೊದಲು ಚಿತ್ರಕಥೆಯನ್ನು ಹೊರಗಿನ ನಾಲ್ಕು ಜನರಿಂದ ಓದಿಸಿ, ಅವರಿಗೆ ಬೇಸರ ಬಂದ ಜಾಗಗಳನ್ನು ತಿದ್ದಿ.

– ಒಬ್ಬ ಪ್ರೇಕ್ಷಕ