ಕೌಂಟಿ ಜಡ್ಜ್ ನ್ಯಾಯಾಧೀಶರಲ್ಲ

ಮಾನ್ಯರೆ,

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಅಲ್ಲಿನ ‘ಕೌಂಟಿ ಜಡ್ಜ್’ ಕನ್ನಡ ಸುದ್ದಿಗೆ ಬರುವಷ್ಟರಲ್ಲಿ ‘ಜಿಲ್ಲಾ ನ್ಯಾಯಾಧೀಶ’ರಾಗಿಬಿಟ್ಟಿರುತ್ತಾರೆ. 2018ರಲ್ಲಿ ಕೇರಳ ಮೂಲದ ಕೆ.ಪಿ. ಜಾರ್ಜ್ ಫೋರ್ಟ್ ಬೆಂಡ್ ಕೌಂಟಿಯಲ್ಲಿ ಗೆದ್ದದ್ದು ಈ ಹುದ್ದೆಯನ್ನೇ. ಹೂಸ್ಟನ್‌ಗೆ ತಾಗಿರುವ ಈ ಕೌಂಟಿಯಲ್ಲಿ ಜಡ್ಜ್ ಮಾಡುವುದು ಆಡಳಿತ: ನಾಲ್ವರು ಕಮಿಷನರ್‌ಗಳ ಜೊತೆ ಕೂತು ಬಜೆಟ್ ಒಪ್ಪುವುದು, ತೆರಿಗೆ ದರ ಗೊತ್ತುಮಾಡುವುದು, ನೆರೆ ಬಂದರೆ ಜನರನ್ನು ತೆರವು ಮಾಡಿಸುವುದು. ಐವರ ಈ ಸಭೆಗೆ ‘ಕಮಿಷನರ್ಸ್ ಕೋರ್ಟ್’ ಎಂದು ಹೆಸರಿದ್ದರೂ ಅಲ್ಲಿ ಮೊಕದ್ದಮೆ ನಡೆಯುವುದಿಲ್ಲ. ಜಡ್ಜ್ ಆಗಲು ಕಾನೂನು ಪದವಿಯೂ ಬೇಡ. ಸಣ್ಣ ಕೌಂಟಿಗಳಲ್ಲಿ ಇವರು ಇಂದಿಗೂ ಕೆಲವು ಕೇಸು ಕೇಳುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ನಮ್ಮ ಡಿ.ಸಿ. ಜಿಲ್ಲಾ ದಂಡಾಧಿಕಾರಿಯೂ ಆಗಿರುವುದರಿಂದ ಇದು ನಮಗೆ ತೀರಾ ವಿಚಿತ್ರವೇನಲ್ಲ.

ಆದರೆ ಡಿ.ಸಿ.ಗಿರುವ ಹಿಡಿತ ಇವರಿಗಿಲ್ಲ. ಅಧಿಕಾರ ಒಬ್ಬರ ಕೈಗೆ ಸೇರಬಾರದೆಂದು 1876ರ ರಾಜ್ಯ ಸಂವಿಧಾನ ಅದನ್ನು ಹರಿದು ಹಂಚಿತು. ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್, ಕೌಂಟಿ ಕ್ಲರ್ಕ್, ಡಿಸ್ಟ್ರಿಕ್ಟ್ ಕೋರ್ಟಿನ ಕಡತ ನೋಡುವ ಡಿಸ್ಟ್ರಿಕ್ಟ್ ಕ್ಲರ್ಕ್, ತೆರಿಗೆ ಅಧಿಕಾರಿ, ಖಜಾಂಚಿ, ಕೊನೆಗೆ ಸಮನ್ಸ್ ಜಾರಿ ಮಾಡುವ ಕಾನ್‌ಸ್ಟೇಬಲ್ ಕೂಡ ನಾಲ್ಕು ವರ್ಷಕ್ಕೊಮ್ಮೆ ಓಟು ಕೇಳಿ ಬಂದವರು. ಶೆರಿಫ್‌ರನ್ನು ಎತ್ತಂಗಡಿ ಮಾಡುವುದು ಜಡ್ಜ್ ಕೈಯಲ್ಲಿಲ್ಲ. ಇರುವುದು ಬಜೆಟ್ಟಿನ ಹಗ್ಗ ಮಾತ್ರ. ಬಿಲ್ಲು ಪರಿಶೀಲಿಸುವ ಆಡಿಟರ್‌ರನ್ನು ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶರು ಎರಡು ವರ್ಷಕ್ಕೆ ನೇಮಿಸುತ್ತಾರೆ. ಖರ್ಚು ಮಾಡುವವರ ಕೈಕೆಳಗೆ ಲೆಕ್ಕ ನೋಡುವವರು ಇರಬಾರದಲ್ಲ!

ಅಲ್ಲಿಗೆ ಹೊಸದಾಗಿ ಹೋದ ನಮ್ಮವರು ಎಡವುವುದೂ ಇದರಿಂದಲೇ. ಮದುವೆಯ ಲೈಸೆನ್ಸ್ ಮತ್ತು ಜಮೀನು ಪತ್ರಕ್ಕೆ ಕೌಂಟಿ ಕ್ಲರ್ಕ್, ಹೆಚ್ಚುಕಡಿಮೆ ನಮ್ಮ ಸಬ್ ರಿಜಿಸ್ಟ್ರಾರ್ ಇದ್ದಂತೆ. ಲೈಸೆನ್ಸ್ ಸಿಕ್ಕ ಮೇಲೆ ಸಾಮಾನ್ಯವಾಗಿ 72 ಗಂಟೆ ಕಾಯಬೇಕು, 90 ದಿನದೊಳಗೆ ಮದುವೆ ಮುಗಿಯಬೇಕು. ಮನೆಯ ಬೆಲೆ ಜಾಸ್ತಿ ಕಟ್ಟಿದ್ದಾರೆಂದು ತೆರಿಗೆ ಕಚೇರಿಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಬೆಲೆ ಕಟ್ಟುವುದು ‘ಅಪ್ರೈಸಲ್ ಡಿಸ್ಟ್ರಿಕ್ಟ್’ ಎಂಬ ಬೇರೆಯೇ ಸಂಸ್ಥೆ. ತಕರಾರು ಅರ್ಜಿಗೆ ಕೊನೆಯ ದಿನ ಮೇ 15, ಇಲ್ಲವೇ ನೋಟಿಸ್ ಕಳಿಸಿದ 30ನೇ ದಿನ, ಯಾವುದು ತಡವೋ ಅದು. ತೆರಿಗೆಯನ್ನು ಜನವರಿ 31ರೊಳಗೆ ಕಟ್ಟದಿದ್ದರೆ ಫೆಬ್ರುವರಿಯಲ್ಲೇ ದಂಡ, ಬಡ್ಡಿ ಸೇರಿ ಶೇ 7 ಹೆಚ್ಚು ತೆರಬೇಕು.

ಈ ಹುದ್ದೆಗಳಿಗಾಗಿ ರಕ್ತವೂ ಹರಿದಿದೆ. 1880ರ ದಶಕದಲ್ಲಿ ಫೋರ್ಟ್ ಬೆಂಡ್‌ನಲ್ಲಿ ಕಪ್ಪು ಜನರೇ ಬಹುಸಂಖ್ಯಾತರು. ಕೌಂಟಿ ಅಧಿಕಾರಿಗಳು ಗೆಲ್ಲುತ್ತಿದ್ದದ್ದು ಅವರ ಓಟಿನಿಂದ. ಆ ಅಧಿಕಾರಿಗಳ ಬಣಕ್ಕೆ ‘ವುಡ್‌ಪೆಕರ್’, ಅವರನ್ನು ಕೆಳಗಿಳಿಸಲು ಹೊರಟ ಬಿಳಿಯರ ಬಣಕ್ಕೆ ‘ಜೇಬರ್ಡ್’ ಎಂದು ಹೆಸರು. 1889ರ ಆಗಸ್ಟ್ 16ರಂದು ಕೌಂಟಿ ಕೇಂದ್ರವಾದ ರಿಚ್ಮಂಡ್‌ನ ಕೋರ್ಟ್‌ಹೌಸ್ ಸುತ್ತ ಗುಂಡಿನ ಕಾಳಗ ನಡೆದು ಶೆರಿಫ್ ಟಾಮ್ ಗಾರ್ವಿ ಸತ್ತರು. ಗವರ್ನರ್ ರಾಸ್ ಸೇನಾ ತುಕಡಿಯೊಂದಿಗೆ ಬಂದರು, ವುಡ್‌ಪೆಕರ್‌ಗಳು ಕುರ್ಚಿ ಬಿಟ್ಟರು. ಬಳಿಕ ಜೇಬರ್ಡ್ ಸಂಘ ಅಭ್ಯರ್ಥಿಗಳನ್ನು ಆರಿಸುವ, ಬಿಳಿಯರಿಗಷ್ಟೇ ಮೀಸಲಾದ ಪೂರ್ವಚುನಾವಣೆ ನಡೆಸಿ, ಯಾರು ಅಧಿಕಾರಿ ಎಂಬುದನ್ನು ಅಲ್ಲೇ ತೀರ್ಮಾನಿಸತೊಡಗಿತು. ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಅಸಾಂವಿಧಾನಿಕ ಎಂದದ್ದು 1953ರಲ್ಲಿ, ‘ಟೆರಿ ವಿರುದ್ಧ ಆಡಮ್ಸ್’ ಪ್ರಕರಣದಲ್ಲಿ.

ರಿಚ್ಮಂಡ್‌ನಲ್ಲಿ ಈಗ ಕಾಣುವ ಗುಮ್ಮಟದ ಕೋರ್ಟ್‌ಹೌಸ್ ಮುಗಿದದ್ದು 1909ರಲ್ಲಿ. ನ್ಯಾಯಾಲಯಗಳು ಬೇರೆ ಕಟ್ಟಡಕ್ಕೆ ಹೋದರೂ ಹಳೆಯ ಹೆಸರು ಉಳಿದಿದೆ. ಅದನ್ನು ‘ನ್ಯಾಯಾಲಯ’ ಎಂದರೆ ಅರ್ಧ ಅರ್ಥ ಹೋಗುತ್ತದೆ, ಯಾಕೆಂದರೆ ಇಂಥ ಕಟ್ಟಡಗಳಲ್ಲಿ ಕೋರ್ಟಿನ ಜೊತೆ ಕ್ಲರ್ಕು, ಖಜಾನೆ ಎಲ್ಲ ಇರುತ್ತಿದ್ದವು. ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಹದಿನೆಂಟು ಇಲಾಖೆಗಳಿದ್ದ ಅಠಾರಾ ಕಚೇರಿಯಲ್ಲಿ ಇಂದು ಹೈಕೋರ್ಟ್ ಇದೆ. ಆ ನಂಟಿನಿಂದ ‘ಕಚೇರಿ’ ಎಂಬ ಮಾತೇ ಇಲ್ಲಿಗೂ ಒಪ್ಪುತ್ತದೆ. ‘ಕೌಂಟಿ ಜಡ್ಜ್’ ಅನ್ನು ಮಾತ್ರ ಹಾಗೆಯೇ ಬಿಟ್ಟು, ಪಕ್ಕದಲ್ಲಿ ‘ಆಡಳಿತ ಮುಖ್ಯಸ್ಥ’ ಎಂದು ಬರೆದರೆ ಸಾಕು.

– ಕೆಲವು ಓದುಗರು, ಶುಗರ್ ಲ್ಯಾಂಡ್, ಟೆಕ್ಸಸ್