ಏಳು ದೃಶ್ಯದ ತಾಂಡೇಲ

ಕಾರವಾರ, ಜುಲೈ ಕೊನೆಯ ವಾರ

ಪ್ರೀತಿಯ ಗೆಳೆಯಾ,

ಹೋದ ಸಲ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. 'ಸಿನಿಮಾದಲ್ಲಿ ನಿನಗೆ ಇರೋದೇ ಏಳು ದೃಶ್ಯ, ಅದಕ್ಕೆ ತಿಂಗಳುಗಟ್ಟಲೆ ಕಾರವಾರದಲ್ಲಿ ಏನು ಮಾಡ್ತೀಯಾ ಮಾರಾಯಾ?' ಅಂದಿದ್ದೆ. ಇವತ್ತು ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಕೂತು ಬರೆಯುತ್ತಿದ್ದೇನೆ.

ಪಾತ್ರ ಇಷ್ಟು. 1978ನೇ ಇಸವಿ. ನಾನು ರಂಪಣಿ ಬಲೆಯ ತಾಂಡೇಲ, ಅಂದರೆ ಬಲೆಯ ತಂಡದ ಮುಖಂಡ, ವಯಸ್ಸು ಅರವತ್ತೆರಡು. ಮಗ ಸಾಲ ಮಾಡಿ ಪರ್ಸಿನ್ ಬೋಟು ತರುತ್ತಾನೆ. ಕಥೆ ಮಗನದು. ಅಪ್ಪನಿಗೆ ಇಡೀ ಸಿನಿಮಾದಲ್ಲಿ ಹನ್ನೊಂದು ಮಾತು. ಉಳಿದ ಹೊತ್ತೆಲ್ಲ ಅವನು ಬರೀ ಕೇಳಿಸಿಕೊಳ್ಳುತ್ತಾನೆ. ಕಷ್ಟ ಇರುವುದೇ ಅಲ್ಲಿ.

ಘಟ್ಟದ ಮೇಲಿನ ನಮಗೆ ರಂಪಣಿ ಅಂದರೆ ಹೆಸರಷ್ಟೇ ಗೊತ್ತು, ಅಲ್ವಾ? ಅದು ಒಬ್ಬನ ಬಲೆಯಲ್ಲ. ಮನೆಮನೆಯವರು ತಮ್ಮ ತಮ್ಮ ತುಂಡು ತಂದು ಜೋಡಿಸಿ ಒಂದು ದೊಡ್ಡ ಬಲೆ ಮಾಡುತ್ತಿದ್ದರು. ದೋಣಿಯಲ್ಲಿ ಅದನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದರೆ, ದಡದಲ್ಲಿ ಎರಡೂ ಕಡೆ ಸಾಲಾಗಿ ನಿಂತು ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವನಿಗೂ ಪಾಲು. 1970ರ ದಶಕದ ನಡುವೆ ಪರ್ಸಿನ್ ಬೋಟುಗಳು ಬಂದವು. ಬಂಗುಡೆ, ತಾರ್ಲೆ ಮೀನಿನ ಹಿಂಡು ದಡದ ಹತ್ತಿರ ಬರುವ ಮೊದಲೇ ಕಡಲಲ್ಲೇ ಸುತ್ತುಹಾಕಿ ಎತ್ತತೊಡಗಿದವು. ರಂಪಣಿ ಮೂಲೆ ಸೇರಿತು. ನನ್ನ ತಾಂಡೇಲನ ಮನೆಗೆ ಆ ಬೋಟು ತಂದವನು ಸ್ವಂತ ಮಗ. ಅಪ್ಪ ಸಿಟ್ಟು ಮಾಡುವುದಿಲ್ಲ, ಹರಸುವುದೂ ಇಲ್ಲ.

ಮೊದಲ ರಿಹರ್ಸಲ್‌ನಲ್ಲಿ ನಾನು ಮುಖದಲ್ಲೇ ಎಲ್ಲ ಹೇಳಲು ಹೋದೆ. ಹುಬ್ಬು, ಕಣ್ಣು, ನಿಟ್ಟುಸಿರು. ನಿರ್ದೇಶಕರು ಮಾನಿಟರ್‌ನಲ್ಲಿ ತೋರಿಸಿದರು. ನೋಡಿ ಸುಮ್ಮನಾದೆ. ಯಕ್ಷಗಾನದಲ್ಲಿ ಚಿಟ್ಟಾಣಿಯವರ ಭಸ್ಮಾಸುರನನ್ನು ರಾತ್ರಿಯಿಡೀ ಕೂತು ನೋಡಿ ಬೆಳೆದವರು ನಾವು. ಕಡೇ ಸಾಲಿನವನಿಗೂ ಕಣ್ಣು ಕಾಣಬೇಕು ಅನ್ನುವುದು ನನ್ನ ಮೈಯಲ್ಲೇ ಇದೆ. ಆ ವಿದ್ಯೆ ದೊಡ್ಡದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಕ್ಲೋಸಪ್‌ನಲ್ಲಿ ಕ್ಯಾಮೆರಾ ನನ್ನಿಂದ ಒಂದು ಮೊಳ ದೂರದಲ್ಲಿ ಇರುತ್ತದೆ.

ಅದಕ್ಕೇ ಬೈತಖೋಲ ಬಂದರಿಗೆ ಬಂದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ಕಟ್ಟಿಹಾಕಿರುತ್ತವೆ. ಎಲ್ಲರ ಮಡಿಲಲ್ಲೂ ಬಲೆ. ಕಲಿಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಇಲ್ಲಿ ಒಬ್ಬ ಅಜ್ಜ ಸಿಕ್ಕಿದ್ದಾರೆ. ಹುಡುಗನಾಗಿದ್ದಾಗ ರಂಪಣಿ ಎಳೆದವರು. ಬಲಗೈಯಲ್ಲಿ ನೂಲು ಸುತ್ತಿದ ಸೂಜಿ, ಎಡಗೈಯ ಹೆಬ್ಬೆರಳು-ತೋರುಬೆರಳ ನಡುವೆ ಕಣ್ಣಿಯ ಅಳತೆಗೆ ಸಣ್ಣ ಬಿದಿರುಪಟ್ಟಿ. ಸೂಜಿ ಕೆಳಗಿನಿಂದ ಹೋಗುತ್ತದೆ, ಹೆಬ್ಬೆರಳು ನೂಲನ್ನು ಒತ್ತಿ ಹಿಡಿಯುತ್ತದೆ, ಒಂದು ಸುತ್ತು, ಒಂದು ಜಗ್ಗು, ಗಂಟು ಬಿತ್ತು. ನನಗೆ ಒಂದು ಗಂಟಿಗೆ ಅರ್ಧ ನಿಮಿಷ ಬೇಕಾಗಿತ್ತು. ನೈಲಾನ್ ನೂಲು ಉಜ್ಜಿ ಕಿರುಬೆರಳ ಸಂದು ಮೂರೇ ದಿನದಲ್ಲಿ ಕೊಯ್ದುಕೊಂಡಿತು. ಅಜ್ಜ ನೋಡಿ, ಆ ಬೆರಳು ಮಡಚಿ ಇಟ್ಟುಕೋ ಅಂದರು. ಅಷ್ಟೇ.

ಈಗ ನಿನಗೆ ಹೇಳಲೇಬೇಕಾದ ಸಂಗತಿ. ಅಜ್ಜ ನೇಯುವಾಗ ಬಲೆ ನೋಡುವುದೇ ಇಲ್ಲ. ಕಣ್ಣು ಕಡಲ ಕಡೆಗೆ, ಬಾಯಲ್ಲಿ ಕವಳ, ಊರಿನ ಸುದ್ದಿ. ಕೈ ತನ್ನ ಪಾಡಿಗೆ ನಡೆದಿರುತ್ತದೆ. ಹತ್ತನೇ ದಿನವೋ ಏನೋ, ನಿಮ್ಮ ಮನೆಯ ರಂಪಣಿ ತುಂಡು ಏನಾಯಿತು ಅಜ್ಜಾ ಅಂತ ಕೇಳಿಬಿಟ್ಟೆ. ಅವರು ಏನೂ ಹೇಳಲಿಲ್ಲ. ಮುಖ ಇದ್ದ ಹಾಗೇ ಇತ್ತು. ಕಣ್ಣು ಮಾತ್ರ ಕಡಲಿನಿಂದ ಇಳಿದು ಬಲೆಯ ಮೇಲೆ ಬಂತು. ಇನ್ನೊಂದು ಗಂಟು ಹಾಕಿದರು. ಅದು ತಪ್ಪಿತ್ತು. ಬಿಚ್ಚಿ, ನೂಲನ್ನು ತೊಡೆಯ ಮೇಲೆ ಉಜ್ಜಿ ನೆಟ್ಟಗೆ ಮಾಡಿ, ಮತ್ತೆ ಹಾಕಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೇಳಬಾರದಿತ್ತು ಅನ್ನಿಸಿತು. ಮರುದಿನ ಹೋಗಿ ತಪ್ಪಾಯಿತು ಅಂದೆ. ಅವರು ಸೂಜಿಗೆ ನೂಲು ಸುತ್ತಿ ಕೊಟ್ಟರು, ಕೂತ್ಕೋ ಅಂದರು.

ನಡಿಗೆಯದು ಬೇರೆ ಕಥೆ. ಮಳೆ ಹೊಳವು ಕೊಟ್ಟ ಎರಡು ದಿನ ದಡದಲ್ಲಿ ಏಂಡಿ ಅನ್ನುವ ಸಣ್ಣ ಬಲೆ ಎಳೆಯುವವರ ಜೊತೆ ಹಗ್ಗ ಹಿಡಿದೆ. ಮೈಯನ್ನು ಹಿಂದಕ್ಕೆ ವಾಲಿಸಿ, ಹಿಮ್ಮಡಿ ಮರಳಿಗೆ ಊರಿ, ಹಿಂದೆ ಹಿಂದೆ ಹೋಗಬೇಕು. ತೋಟದಲ್ಲಿ ನಡೆದ ನನ್ನ ಕಾಲು ಬೆರಳ ಮೇಲೆ ಭಾರ ಹಾಕುತ್ತದೆ. ಅದನ್ನು ಬದಲಿಸಲು ಈಗ ದಿನಾ ಬೆಳಗ್ಗೆ ಮರಳಲ್ಲಿ ನಡೆಯುತ್ತೇನೆ.

ಸೋಮವಾರ ಶೂಟಿಂಗ್ ಶುರು. ಮೊದಲು ತೆಗೆಯುವುದು ಐದನೇ ದೃಶ್ಯ. ಮಗ ಹೊಸ ಬೋಟಿನ ಇಂಜಿನ್ನು, ಸಾಲದ ಕಂತು, ಸಿಗುವ ಮೀನು, ಎಲ್ಲ ಹೇಳುತ್ತಾನೆ. ಎರಡು ಪುಟ ಮಾತು. ನಾನು ಬಲೆ ನೇಯುತ್ತ ಕೇಳುತ್ತೇನೆ. ಒಂದು ಗಂಟು ತಪ್ಪುತ್ತೇನೆ, ಬಿಚ್ಚಿ ಮತ್ತೆ ಹಾಕುತ್ತೇನೆ. ಎಲ್ಲಿ ಅನ್ನುವುದನ್ನು ಕಂಟಿನ್ಯೂಟಿ ನೋಡುವ ಹುಡುಗಿಗೆ ಮಾತ್ರ ಹೇಳಿದ್ದೇನೆ, ಪ್ರತಿ ಟೇಕಿನಲ್ಲೂ ಅದೇ ಮಾತಿಗೆ ಬರಬೇಕಲ್ಲ. ಕ್ಯಾಮೆರಾ ಆಗ ಮಗನ ಮುಖದ ಮೇಲಿದ್ದರೂ ಇರಲಿ. ಎದುರಿಗಿರುವ ಹುಡುಗನಿಗೆ ಅದು ಕಾಣುತ್ತದೆ, ಅವನ ಮಾತು ಬೇರೆಯಾಗುತ್ತದೆ.

ನಿನ್ನೆ ಸಂಜೆ ನಾನು ನೇಯ್ದ ತುಂಡನ್ನು ಅಜ್ಜ ಮಡಿಲಲ್ಲಿ ಹರವಿಕೊಂಡು ಕಣ್ಣಿ ಕಣ್ಣಿಗೂ ಹೆಬ್ಬೆರಳು ಆಡಿಸಿದರು. ನಾಲ್ಕು ಗಂಟು ಬಿಚ್ಚಿದರು. ಉಳಿದದ್ದನ್ನು ಹಾಗೇ ಬಿಟ್ಟರು. ಸೋಮವಾರ ನಾನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು ಅದೇ ತುಂಡನ್ನು.

ನಿನ್ನ
ಗೆಳೆಯ