ನೊಣ ಹಿಡಿಯೋ ಗಿಡಕ್ಕೆ ಮೈಲುತುತ್ತ ಬೇಡ

ಸಂಪಾದಕರೇ,

ನಮ್ಮ ಗಂಗಾವತಿ ಕಡೆಯೂ ಈಗ ವೀನಸ್ ಫ್ಲೈಟ್ರ್ಯಾಪ್ (ಎಲೆ ತುದಿಯ ಬಾಯಿಯಂಥ ಬಲೆಯಲ್ಲಿ ನೊಣ, ಹುಳ ಹಿಡಿದು ತಿನ್ನೋ ಗಿಡ) ತರಿಸಿ ಬೆಳೆಸುವವರಿದ್ದಾರೆ. ಎಲೆ ಮೇಲೆ ಬೂದು ಬೂಷ್ಟು ಕಂಡರೆ ಸಾಕು, ಹೊಲಕ್ಕೆ ಹೊಡೆಯೋ ಔಷಧಿಯನ್ನೇ ಇದಕ್ಕೂ ಹೊಡೆಯುತ್ತಾರೆ. ಸ್ವಲ್ಪ ತಡೀರಿ! ಮೈಲುತುತ್ತ, ಬೋರ್ಡೋ ದ್ರಾವಣ, ಹೀಗೆ ತಾಮ್ರ ಇರುವ ಯಾವುದೂ ಈ ಗಿಡಕ್ಕೆ ಆಗಿಬರಲ್ಲ, ಬೂಷ್ಟು ಹೋಗುವ ಮೊದಲು ಗಿಡವೇ ಸುಟ್ಟುಹೋದೀತು. ಬೂಷ್ಟು ಸಾಮಾನ್ಯವಾಗಿ ಹಿಡಿಯುವುದೇ ಸತ್ತ ಎಲೆಗೆ. ಕಪ್ಪಾದ ಬಾಯಿಗಳನ್ನು ಆಗಾಗ ಕತ್ತರಿಸಿ ತೆಗೆಯಿರಿ. ಗಾಜಿನ ಜಾಡಿಯಿಂದ ಹೊರಗಿಡಿ, ಗಾಳಿ ಆಡಲಿ, ಬೆಳಗಿನ ಬಿಸಿಲು ಬೀಳಲಿ (ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲು ಮಾತ್ರ ಜಾಸ್ತಿಯಾಯ್ತು). ನೀರು ತಟ್ಟೆಯಲ್ಲಿಡಿ, ಎಲೆ ಮೇಲೆ ಸುರಿಯಬೇಡಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಮಳೆನೀರು ಒಳ್ಳೆಯದು. ಮಕ್ಕಳು ಸುಮ್ನೆ ದೊಡ್ಡ ಜಿರಳೆ ತುರುಕುತ್ತಾರೆ ಅಲ್ವಾ, ಬಾಯಿ ಪೂರ್ತಿ ಮುಚ್ಚದೆ ಅದು ಅಲ್ಲೇ ಕೊಳೆಯುತ್ತದೆ. ಬಾಯಿಯ ಮೂರನೇ ಒಂದು ಭಾಗದಷ್ಟು ಹುಳ ಸಾಕು.

– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ